ನಾಟಕ ತಂಡಕ್ಕೆ ಸರ್ಕಾರದ ಧನಸಹಾಯ: ಅರ್ಜಿಯಿಂದ ಕೊನೆಯ ಕಂತಿನವರೆಗೆ

ಸಂಜೆ ಶಾಲೆಯ ಕೊಠಡಿಯಲ್ಲಿ ತಾಲೀಮು ನಡೆಸುವ ಹವ್ಯಾಸಿ ತಂಡಗಳ ಅರ್ಜಿಗಳು ಸಾಮಾನ್ಯವಾಗಿ ಪರಿಣತರ ಸಮಿತಿಯ ಮುಂದೆ ಹೋಗುವ ಮೊದಲೇ ಬಿದ್ದುಹೋಗುತ್ತವೆ. ಮೂರು ವರ್ಷದ ಲೆಕ್ಕಪರಿಶೋಧನಾ ವರದಿ ಇರುವುದಿಲ್ಲ, ಸಂಘದ ವಾರ್ಷಿಕ ದಾಖಲೆ ಸಲ್ಲಿಕೆಯಾಗಿರುವುದಿಲ್ಲ, ಪ್ಯಾನ್ ಕಾರ್ಡಿನ ಹೆಸರು ಪಾಸ್‌ಬುಕ್ಕಿನ ಹೆಸರಿಗೆ ತಾಳೆಯಾಗುವುದಿಲ್ಲ. ನಾಟಕ ಎಷ್ಟು ಚೆನ್ನಾಗಿದೆ ಎಂದು ನೋಡುವ ಹಂತಕ್ಕೆ ಕಡತ ಹೋಗುವುದೇ ಇಲ್ಲ. ಹಣ ಮಂಜೂರಾದ ತಂಡಗಳಿಗೂ ಇನ್ನೊಂದು ಕಷ್ಟ ಕಾದಿರುತ್ತದೆ. ಖರ್ಚು ಮುಗಿದು ತಿಂಗಳುಗಟ್ಟಲೆಯಾದರೂ ಎರಡನೇ ಕಂತು ಬರದೆ, ಲೈಟಿಂಗ್‌ನವರಿಗೆ, ದರ್ಜಿಗೆ ಬಾಕಿ ಉಳಿಯುತ್ತದೆ. ಈ ಎರಡನ್ನೂ ತಪ್ಪಿಸಲು ಸಾಧ್ಯವಿದೆ. ಅದಕ್ಕೆ ಲೆಕ್ಕಪತ್ರದ ಕೆಲಸವನ್ನೂ ತಾಲೀಮಿನಷ್ಟೇ ಶ್ರದ್ಧೆಯಿಂದ ವರ್ಷವಿಡೀ ಮಾಡಬೇಕು.

ಇಲ್ಲಿ ಮುಖ್ಯ ಉದಾಹರಣೆಯಾಗಿ ಕೇಂದ್ರ ಸಂಸ್ಕೃತಿ ಸಚಿವಾಲಯದ ‘ಕಲಾ ಸಂಸ್ಕೃತಿ ವಿಕಾಸ ಯೋಜನೆ’ಯ ಅಡಿ ಬರುವ ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ನಿರ್ಮಾಣ ಅನುದಾನವನ್ನು ತೆಗೆದುಕೊಳ್ಳಲಾಗಿದೆ. ಹೊಸ ನಾಟಕ, ಉತ್ಸವ, ಕಮ್ಮಟ, ವಿಚಾರ ಸಂಕಿರಣ, ಸಣ್ಣ ಸಂಶೋಧನೆ ಎಲ್ಲಕ್ಕೂ ಇದರಲ್ಲಿ ಅವಕಾಶವಿದೆ. ಯಕ್ಷಗಾನ, ಬಯಲಾಟ, ನೃತ್ಯ, ಸಂಗೀತ ತಂಡಗಳಿಗೂ ದಾರಿ ಇದೇ.

ಯಾವ ಕಚೇರಿ, ಯಾವ ಕೆಲಸಕ್ಕೆ

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಹಣ ಬೇಕಿರುವುದು ಒಬ್ಬ ಕಲಾವಿದರಿಗೋ, ಸಂಸ್ಥೆಗೋ? ಅರ್ಜಿ ನಮೂನೆ, ಅರ್ಹತೆ, ಲೆಕ್ಕ ಒಪ್ಪಿಸುವ ರೀತಿ ಎಲ್ಲವೂ ಇದರ ಮೇಲೆ ಬೇರೆಬೇರೆಯಾಗುತ್ತವೆ.

ರಾಜ್ಯ ಮಟ್ಟದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಧನಸಹಾಯ, ವಾದ್ಯ ಪರಿಕರ ಮತ್ತು ವೇಷಭೂಷಣ ಖರೀದಿಗೆ ನೆರವು, ಪ್ರದರ್ಶನಗಳ ಪ್ರಾಯೋಜನೆ, ಹಿರಿಯರಿಗೆ ಮಾಸಾಶನ ಕೊಡುತ್ತದೆ. ಅರ್ಜಿಗಳು ಸೇವಾ ಸಿಂಧು ಜಾಲತಾಣದ ಮೂಲಕ ಹೋಗುತ್ತವೆ. ಜಿಲ್ಲೆಯಲ್ಲಿ ಮಾತಾಡಬೇಕಾದವರು ಇಲಾಖೆಯ ಸಹಾಯಕ ನಿರ್ದೇಶಕರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕಲಾವಿದರಿಗೆ ವಿಶೇಷ ಘಟಕ ಯೋಜನೆ ಮತ್ತು ಗಿರಿಜನ ಉಪಯೋಜನೆಯಲ್ಲಿ ಪ್ರತ್ಯೇಕ ಹಣವಿರುತ್ತದೆ. ಅರ್ಹರಿದ್ದೂ ಸಾಮಾನ್ಯ ಶೀರ್ಷಿಕೆಯಲ್ಲೇ ಅರ್ಜಿ ಹಾಕಿ ಕಾಯುವ ತಂಡಗಳು ಇದನ್ನು ಅಗತ್ಯವಾಗಿ ವಿಚಾರಿಸಬೇಕು.

ಇಲಾಖೆಯ ಜೊತೆಗೆ ಅಕಾಡೆಮಿಗಳಿವೆ: ನಾಟಕ, ಸಂಗೀತ ನೃತ್ಯ, ಲಲಿತಕಲಾ, ಶಿಲ್ಪಕಲಾ, ಜಾನಪದ, ಯಕ್ಷಗಾನ, ಬಯಲಾಟ, ಸಾಹಿತ್ಯ, ಹಾಗೆಯೇ ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆ ಅಕಾಡೆಮಿಗಳು. ಇವು ಶಿಬಿರ, ಫೆಲೋಶಿಪ್, ಪ್ರಶಸ್ತಿ, ಪುಸ್ತಕ ಪ್ರಕಟಣೆ ಮಾಡುತ್ತವೆ. ಅಧ್ಯಕ್ಷರು ಮತ್ತು ಸದಸ್ಯರನ್ನು ಸರ್ಕಾರವೇ ನೇಮಿಸುವುದರಿಂದ, ಸರ್ಕಾರ ಬದಲಾದಾಗ ಕುರ್ಚಿಗಳು ತಿಂಗಳುಗಟ್ಟಲೆ ಖಾಲಿ ಬಿದ್ದು ಹೊಸ ಯೋಜನೆಗಳು ನಿಂತುಬಿಡುತ್ತವೆ. ಕಲೆಯ ಕೆಲಸಕ್ಕೆ ಇದರಿಂದ ಆಗುವ ನಷ್ಟ ದೊಡ್ಡದು, ಇದು ಬದಲಾಗಲೇಬೇಕು. ಅಂಥ ಹೊತ್ತಿನಲ್ಲೂ ರಿಜಿಸ್ಟ್ರಾರ್ ಕಚೇರಿ ನಡೆಯುತ್ತಿರುತ್ತದೆ. ಹಳೆಯ ಕಾರ್ಯಕ್ರಮದ ದೃಢೀಕರಣದಂಥ ನಿತ್ಯದ ಕೆಲಸವನ್ನು ಅಲ್ಲಿ ಮಾಡಿಸಿಕೊಳ್ಳಬಹುದು.

ಕೇಂದ್ರದಲ್ಲಿ ಸಂಗೀತ ನಾಟಕ ಅಕಾಡೆಮಿ, ಲಲಿತ ಕಲಾ ಅಕಾಡೆಮಿ, ಸಾಹಿತ್ಯ ಅಕಾಡೆಮಿಗಳಿವೆ. ಪ್ರದರ್ಶನಕ್ಕೆ ಬೇರೆ ರಾಜ್ಯಗಳಿಗೆ ಕರೆಯಿಸಿಕೊಳ್ಳುವುದು ವಲಯ ಸಾಂಸ್ಕೃತಿಕ ಕೇಂದ್ರಗಳ ಕೆಲಸ; ಕರ್ನಾಟಕದವರಿಗೆ ಹತ್ತಿರದ್ದು ತಂಜಾವೂರಿನಲ್ಲಿದೆ.

ಒಬ್ಬ ವ್ಯಕ್ತಿಗೆ ಸಿಗುವ ಹಣ

ಸಚಿವಾಲಯದ ಫೆಲೋಶಿಪ್‌ಗಳನ್ನು ಸಿಸಿಆರ್‌ಟಿ, ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ನಡೆಸುತ್ತದೆ. 18ರಿಂದ 25 ವಯಸ್ಸಿನ ಯುವ ಕಲಾವಿದರ ವಿದ್ಯಾರ್ಥಿವೇತನ ತಿಂಗಳಿಗೆ 5,000 ರೂ.; 25ರಿಂದ 40ರವರೆಗೆ ಜೂನಿಯರ್ ಫೆಲೋಶಿಪ್ 10,000 ರೂ.; 40 ದಾಟಿದವರಿಗೆ ಸೀನಿಯರ್ ಫೆಲೋಶಿಪ್ 20,000 ರೂ. ಮೂರೂ ಎರಡು ವರ್ಷದ ಅವಧಿಯವು.

ವಿದ್ಯಾರ್ಥಿವೇತನ ಗುರುಗಳ ಬಳಿ ಮುಂದುವರಿದ ತರಬೇತಿಗೆ. ಫೆಲೋಶಿಪ್ ಹಾಗಲ್ಲ, ಅದು ಅಧ್ಯಯನಕ್ಕೆ ಕೊಡುವ ಹಣ. ಒಳ್ಳೆಯ ಕಲಾವಿದರೇ ಇಲ್ಲಿ ಸೋಲುತ್ತಾರೆ, ಏಕೆಂದರೆ ಪ್ರಸ್ತಾವದ ತುಂಬ ತಮಗೆ ಬಂದ ಸನ್ಮಾನಗಳ ಪಟ್ಟಿ ಕೊಟ್ಟು, ಎರಡು ವರ್ಷ ಏನನ್ನು ಹುಡುಕುತ್ತೇನೆ ಎಂಬುದನ್ನು ಎರಡೇ ಸಾಲಿನಲ್ಲಿ ಮುಗಿಸಿರುತ್ತಾರೆ. ‘ಮೂಡಲಪಾಯದ ಅಧ್ಯಯನ’ ಎಂದು ಬರೆದರೆ ಸಾಲದು. ಯಾವ ತಾಲ್ಲೂಕುಗಳು, ಎಷ್ಟು ಭಾಗವತರನ್ನು ಭೇಟಿಯಾಗುವುದು, ಯಾವ ಪ್ರಸಂಗಗಳ ಹಾಡುಗಳನ್ನು ಧ್ವನಿಮುದ್ರಿಸುವುದು, ಮೊದಲ ಆರು ತಿಂಗಳಲ್ಲಿ ಯಾವ ಭಾಗ ಮುಗಿಯುತ್ತದೆ ಎಂದು ಬರೆಯಬೇಕು. ಹಣ ಆರಾರು ತಿಂಗಳ ಕಂತಿನಲ್ಲಿ, ಪ್ರಗತಿ ವರದಿಯನ್ನು ನೋಡಿ ಬಿಡುಗಡೆಯಾಗುತ್ತದೆ. ಆದ್ದರಿಂದ ಪ್ರಸ್ತಾವವನ್ನೂ ಆರಾರು ತಿಂಗಳ ನಾಲ್ಕು ಭಾಗವಾಗಿ ಬರೆದರೆ ಮುಂದೆ ವರದಿ ಬರೆಯುವುದೂ ಸಲೀಸು.

ಸಂಸ್ಥೆಯ ದಾಖಲೆ: ಅರ್ಜಿಗೆ ವರ್ಷ ಮೊದಲೇ

ಕಾರ್ಯಕ್ರಮ ಮತ್ತು ನಿರ್ಮಾಣ ಅನುದಾನಕ್ಕೆ ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷವಾಗಿರಬೇಕು. ಧಾರ್ಮಿಕ ಸಂಸ್ಥೆ ಅಥವಾ ಶಾಲೆ-ಕಾಲೇಜಾಗಿ ನಡೆಯುವ ಸಂಸ್ಥೆಗಳಿಗೆ ಇದು ಇಲ್ಲ. ದೇವಸ್ಥಾನದ ಹೆಸರಿನಲ್ಲಿ ನಡೆಯುವ ಮೇಳದವರು ಕಲಾವಿದರದ್ದೇ ಒಂದು ಸಂಘ ಅಥವಾ ಟ್ರಸ್ಟ್ ಮಾಡಿಕೊಂಡಿರಬೇಕಾಗುತ್ತದೆ.

ಕರ್ನಾಟಕದ ಸಂಘಗಳು ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತವೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆದ 14 ದಿನದೊಳಗೆ ಹೊಸ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು, ಲೆಕ್ಕಪತ್ರವೂ ಹೋಗಬೇಕು. ನಾಲ್ಕೈದು ವರ್ಷ ಇದನ್ನು ಬಿಟ್ಟ ಸಂಘ ಕಾಗದದ ಮೇಲೆ ಮಾತ್ರ ಇರುತ್ತದೆ. ದಂಡ ಕಟ್ಟಿ ಸರಿಪಡಿಸಲು ತಿಂಗಳುಗಳೇ ಬೇಕಾಗಬಹುದು, ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿರುತ್ತದೆ.

ಹೆಸರಿನ ವಿಷಯದಲ್ಲಿ ಒಂದಕ್ಷರವೂ ಹೆಚ್ಚುಕಡಿಮೆ ಆಗಬಾರದು. ನೋಂದಣಿ ಪತ್ರದಲ್ಲಿ ‘ರಂಗಬಳಗ (ರಿ.)’, ಪ್ಯಾನ್‌ನಲ್ಲಿ ‘ರಂಗ ಬಳಗ’, ಬ್ಯಾಂಕಿನಲ್ಲಿ ‘ರಂಗಬಳಗ ಟ್ರಸ್ಟ್’ ಎಂದಿದ್ದರೆ ಮೂರನ್ನೂ ಮೊದಲು ಒಂದು ಮಾಡಿ. ಸಂಘದ ಪ್ಯಾನ್ ಎಂದರೆ ಸಂಘದ್ದೇ ಆಗಬೇಕು. ಕಾರ್ಯದರ್ಶಿಯ ಸ್ವಂತ ಖಾತೆಗೆ ಅನುದಾನ ಬರುವುದಿಲ್ಲ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ವಿಶಿಷ್ಟ ಸಂಖ್ಯೆ ಪಡೆಯಬೇಕು. ಹಣ ಪಾವತಿಯ ಪಿಎಫ್‌ಎಂಎಸ್ ವ್ಯವಸ್ಥೆಯಲ್ಲೂ ಖಾತೆ ನಮೂದಾಗಿರಬೇಕು. ಸಮಿತಿ ಬದಲಾದಾಗ ದರ್ಪಣ್‌ನಲ್ಲಿ ಪದಾಧಿಕಾರಿಗಳ ಹೆಸರು ಬದಲಿಸಲು ಹಲವರು ಮರೆಯುತ್ತಾರೆ. ಆಗ ಅರ್ಜಿಗೆ ಸಹಿ ಹಾಕಿದವರೇ ಬೇರೆ, ದರ್ಪಣ್‌ನಲ್ಲಿರುವವರೇ ಬೇರೆ ಎಂದಾಗಿ ಪ್ರಶ್ನೆ ಬರುತ್ತದೆ.

ಲೆಕ್ಕಪರಿಶೋಧನೆ ಮೂರು ವರ್ಷದ್ದು ಬೇಕು. ವರ್ಷಕ್ಕೆ 40,000 ರೂ. ವಹಿವಾಟಿನ ತಂಡವಾದರೂ ಆಡಿಟ್ ಮಾಡಿಸಿ. ದೊಡ್ಡ ಮೊತ್ತವನ್ನು ಕೇಳುವ ತಂಡದ ಹಿಂದಿನ ವಹಿವಾಟು ತೀರ ಚಿಕ್ಕದಿದ್ದರೆ ಸಮಿತಿಗೆ ಅನುಮಾನ ಬರುವುದು ಸಹಜ. ಅದಕ್ಕೇ, ದಾನಿಯೊಬ್ಬರು ಸಭಾಂಗಣದ ಬಾಡಿಗೆಯನ್ನು ನೇರವಾಗಿ ಕಟ್ಟಿಬಿಡುವ ಬದಲು ಸಂಘದ ಖಾತೆಗೆ ಹಾಕಿ, ಸಂಘವೇ ಬಾಡಿಗೆ ಕಟ್ಟಲಿ. ಖರ್ಚು ಅಷ್ಟೇ, ಆದರೆ ಅದು ಸಂಘದ ಪುಸ್ತಕದಲ್ಲಿ ಕಾಣುತ್ತದೆ.

ಪ್ರಸ್ತಾವ ಬರೆಯುವುದು

ಮೂರರಿಂದ ಐದು ಪುಟ ಸಾಕು. ಯಾವ ನಾಟಕ, ಯಾರ ರಚನೆ, ಯಾಕೆ ಈಗ, ಎಷ್ಟು ದಿನದ ತಾಲೀಮು, ಎಲ್ಲಿ ಎಷ್ಟು ಪ್ರದರ್ಶನ, ಪ್ರೇಕ್ಷಕರು ಯಾರು. ‘ಸಂಸ್ಕೃತಿಯ ಉಳಿವಿಗಾಗಿ’ ಎಂಬ ಮಾತು ಎಲ್ಲ ಅರ್ಜಿಗಳಲ್ಲೂ ಇರುತ್ತದೆ, ಅದರಿಂದ ನಿಮ್ಮ ತಂಡದ ಬಗ್ಗೆ ಏನೂ ತಿಳಿಯುವುದಿಲ್ಲ. ‘ಊರಿನ 12 ಯುವಕ-ಯುವತಿಯರು, ಅವರಲ್ಲಿ 7 ಮಂದಿಗೆ ಮೊದಲ ರಂಗಪ್ರವೇಶ, 40 ಸಂಜೆಯ ತಾಲೀಮು, ಜಿಲ್ಲಾ ರಂಗಮಂದಿರದಲ್ಲಿ ಒಂದು, ಪಕ್ಕದ ತಾಲ್ಲೂಕಿನಲ್ಲಿ ಒಂದು ಪ್ರದರ್ಶನ’ ಎಂದು ಬರೆದರೆ ಓದುವವರ ಕಣ್ಣಿಗೆ ಕೆಲಸ ಕಟ್ಟುತ್ತದೆ. ಸಮಿತಿಯಲ್ಲಿ ಕನ್ನಡ ಬಾರದವರೂ ಇರುತ್ತಾರೆ. ಅರ್ಜಿಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಟ್ಟು, ನಾಟಕದ ಸಾರಾಂಶವನ್ನು ಒಂದು ಪುಟದಲ್ಲಿ ಸೇರಿಸಿ.

ನಾಟಕಕಾರರ ಒಪ್ಪಿಗೆ ಪತ್ರ ಇರಲಿ. ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷದವರೆಗೆ ಇರುತ್ತದೆ. ಅಲ್ಲಿಯವರೆಗೆ ವಾರಸುದಾರರ ಅನುಮತಿ ಬೇಕು. ಅನುವಾದಿತ ನಾಟಕವಾದರೆ ಮೂಲ ಲೇಖಕರದ್ದೂ ಅನುವಾದಕರದ್ದೂ ಎರಡೂ ಬೇಕು.

ಬಜೆಟ್: ಇಲ್ಲೇ ಹೆಚ್ಚು ಗಮನ ಬೇಕು

ಈ ಅನುದಾನ ಒಟ್ಟು ಖರ್ಚಿನ ಶೇ 75ರಷ್ಟು ಮಾತ್ರ. ಉಳಿದ ಶೇ 25 ಸಂಸ್ಥೆಯದ್ದು. ಒಂದು ಯೋಜನೆಗೆ ಸಾಮಾನ್ಯ ಮಿತಿ 5 ಲಕ್ಷ ರೂ., ವಿಶೇಷ ಸಂದರ್ಭದಲ್ಲಿ 20 ಲಕ್ಷದವರೆಗೆ. ಹಣ ಶೇ 75 ಮತ್ತು ಶೇ 25ರ ಎರಡು ಕಂತಿನಲ್ಲಿ ಬರುತ್ತದೆ. ಮಾರ್ಗಸೂಚಿಗಳು ಪರಿಷ್ಕರಣೆಯಾಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನ ಸಚಿವಾಲಯದ ಜಾಲತಾಣದಲ್ಲಿರುವ ಪ್ರತಿಯನ್ನೇ ಓದಿಕೊಳ್ಳಿ.

12 ಪಾತ್ರಗಳ, ಎರಡು ಪ್ರದರ್ಶನದ ನಾಟಕಕ್ಕೆ ಮಾದರಿ ಬಜೆಟ್ ಹೀಗಿರಬಹುದು:

ನಿರ್ದೇಶಕರ ಸಂಭಾವನೆ: 40,000
ಕಲಾವಿದರು, 12 × 8,000: 96,000
ಸಂಗೀತ ಮೇಳ, 3 × 10,000: 30,000
ರಂಗಸಜ್ಜಿಕೆ, ಪರಿಕರ: 55,000
ವಸ್ತ್ರ, ಪ್ರಸಾಧನ: 45,000
ಬೆಳಕು, ಧ್ವನಿ ಬಾಡಿಗೆ, 2 × 15,000: 30,000
ಸಭಾಂಗಣ, 2 × 12,000: 24,000
ತಾಲೀಮಿನ ಜಾಗ, ಚಹಾ, ಊಟ: 30,000
ಸಾಗಣೆ: 18,000
ಪ್ರಚಾರ: 17,000
ಫೋಟೊ, ವಿಡಿಯೊ: 15,000
ಒಟ್ಟು: 4,00,000 ರೂ.

ದರಗಳು ಊರಿಂದ ಊರಿಗೆ ಬದಲಾಗುತ್ತವೆ. ನಿಮ್ಮ ಊರಿನ ಸಭಾಂಗಣದ ಬಾಡಿಗೆ ಪಟ್ಟಿ, ಲೈಟಿಂಗ್‌ನವರ ಕೊಟೇಶನ್ ತೆಗೆದುಕೊಂಡು ಅಂಕಿ ಹಾಕಿ. ಸ್ಪೀಕರ್, ಲೈಟು, ಕ್ಯಾಮೆರಾ ಖರೀದಿಯನ್ನು ಈ ಬಜೆಟ್ಟಿಗೆ ತುರುಕಬೇಡಿ. ಸರ್ಕಾರದ ಅನುದಾನದಲ್ಲಿ ಕೊಂಡ ಆಸ್ತಿಗೆ ಪ್ರತ್ಯೇಕ ವಹಿ ಇಡಬೇಕು, ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ.

ಇನ್ನು ಕೈಯಲ್ಲಿ ಎಷ್ಟು ಹಣ ಇರಬೇಕು? 4 ಲಕ್ಷದ ಯೋಜನೆಗೆ ಪೂರ್ತಿ ಅನುದಾನ ಸಿಕ್ಕರೆ 3 ಲಕ್ಷ. ಮೊದಲ ಕಂತು 2,25,000, ಎರಡನೆಯದು 75,000. ನಿಮ್ಮ ಪಾಲಿನ 1 ಲಕ್ಷದ ಜೊತೆಗೆ ಎರಡನೇ ಕಂತಿನ 75,000ವನ್ನೂ ಮೊದಲು ನೀವೇ ಹಾಕಿರುತ್ತೀರಿ. ಅಂದರೆ ನಾಟಕ ಮುಗಿಯುವ ಹೊತ್ತಿಗೆ 1,75,000 ರೂ. ನಿಮ್ಮ ಕಡೆಯಿಂದ ಬಂದಿರಬೇಕು. ಈ ಲೆಕ್ಕ ಮಾಡದೆ ಹೊರಟ ತಂಡಗಳೇ ಸಾಲಕ್ಕೆ ಬೀಳುವುದು.

ಕೇಳಿದಷ್ಟು ಮಂಜೂರಾಗುವುದು ಅಪರೂಪ. 3 ಲಕ್ಷ ಕೇಳಿ 1,50,000 ಸಿಕ್ಕಿತು ಎಂದುಕೊಳ್ಳಿ. ಆಗ ಕನಿಷ್ಠ 2 ಲಕ್ಷ ಖರ್ಚು ತೋರಿಸಿದರೆ ಮಾತ್ರ ಆ 1,50,000 ಅದರ ಶೇ 75 ಆಗುತ್ತದೆ. ಮೊದಲ ಕಂತಾಗಿ 1,12,500 ಬಂದಿರುತ್ತದೆ. ಖರ್ಚು 1,60,000ಕ್ಕೇ ನಿಂತರೆ ನಿಮಗೆ ಸಲ್ಲುವುದು 1,20,000. ಎರಡನೇ ಕಂತು 37,500ರ ಬದಲು ಬರೀ 7,500. ಮಂಜೂರಾತಿ ಆದೇಶ ಕೈಗೆ ಬಂದ ದಿನವೇ ಸಮಿತಿ ಸೇರಿ ಹೊಸ ಮೊತ್ತಕ್ಕೆ ಬಜೆಟ್ ಹೊಂದಿಸಿ, ಠರಾವು ಬರೆದಿಡಿ. ಕಡಿತ ಮಾಡುವಾಗ ಕಲಾವಿದರ ಸಂಭಾವನೆಗೆ ಮೊದಲು ಕತ್ತರಿ ಹಾಕಬೇಡಿ. ಸಜ್ಜಿಕೆ, ಪ್ರಚಾರ ಕಡಿಮೆಯಾದರೂ ನಾಟಕ ನಡೆಯುತ್ತದೆ.

ಅರ್ಜಿ ಸಲ್ಲಿಕೆ

ಸಚಿವಾಲಯದ ಅರ್ಜಿಗಳು ಆನ್‌ಲೈನ್‌ನಲ್ಲೇ ಹೋಗುತ್ತವೆ. ಸ್ಕ್ಯಾನ್ ಪ್ರತಿಗಳು ಓದುವಂತಿರಲಿ. ಮೊಬೈಲ್‌ನಲ್ಲಿ ತೆಗೆದ ಓರೆ ಫೋಟೊಗಳು ತಿರಸ್ಕಾರಕ್ಕೆ ಸುಲಭ ಕಾರಣವಾಗುತ್ತವೆ. ಕನ್ನಡದಲ್ಲಿರುವ ಬೈಲಾ ಜೊತೆಗೆ ದೃಢೀಕೃತ ಇಂಗ್ಲಿಷ್ ಅನುವಾದ ಇಡಿ. ಕೊನೆಯ ಎರಡು ದಿನ ಜಾಲತಾಣ ನಿಧಾನವಾಗುವುದರಿಂದ ಒಂದು ವಾರ ಮುಂಚೆ ಮುಗಿಸಿ, ಅರ್ಜಿ ಸಂಖ್ಯೆ ಇರುವ ಪುಟವನ್ನು ಮುದ್ರಿಸಿಟ್ಟುಕೊಳ್ಳಿ. ಇದೇ ಕೆಲಸಕ್ಕೆ ಬೇರೆ ಸರ್ಕಾರಿ ಸಂಸ್ಥೆಯಿಂದ ಹಣ ಕೇಳಿದ್ದರೆ, ಪಡೆದಿದ್ದರೆ ಅದನ್ನು ಬರೆಯಲೇಬೇಕು. ಒಂದೇ ಬಿಲ್ಲನ್ನು ಎರಡು ಕಡೆ ತೋರಿಸುವುದು ಅಪರಾಧ. ಸಂಸ್ಥೆ ಕಪ್ಪುಪಟ್ಟಿಗೆ ಸೇರಬಹುದು. ರಾಜ್ಯದ ಧನಸಹಾಯವೂ ಇದ್ದರೆ ಬೇರೆ ಬೇರೆ ಬಾಬ್ತು ಹಂಚಿ, ಉದಾಹರಣೆಗೆ ಪಕ್ಕದ ತಾಲ್ಲೂಕಿನ ಪ್ರದರ್ಶನ ರಾಜ್ಯದ್ದು, ಉಳಿದದ್ದು ಕೇಂದ್ರದ್ದು.

ಪ್ರದರ್ಶನದ ದಿನ ಮಂಜೂರಾತಿಗಿಂತ ಮೊದಲೇ ಬರುವಂತಿದ್ದರೆ, ಅಥವಾ ದಿನಾಂಕ ಮುಂದೆ ಹೋಗುವುದಾದರೆ, ಕಾರ್ಯಕ್ರಮಕ್ಕೆ ಮುಂಚೆಯೇ ಅರ್ಜಿ ಸಂಖ್ಯೆ ಹಾಕಿ ಬರಹದಲ್ಲಿ ತಿಳಿಸಿ. ನಂತರ ಕೊಡುವ ಸಮಜಾಯಿಷಿಗೆ ಬೆಲೆ ಇಲ್ಲ.

ಹಣ ಬಂದ ಮೇಲೆ

ಬಾಂಡ್ ಪತ್ರವನ್ನು ಛಾಪಾ ಕಾಗದದ ಮೇಲೆ ಕೊಡಬೇಕಾಗುತ್ತದೆ; ನಮೂನೆ ಆದೇಶದ ಜೊತೆ ಇರುತ್ತದೆ. ಅನುದಾನಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ತೆರೆಯಿರಿ, ಸಾಧ್ಯವಾದರೆ ಪ್ರತ್ಯೇಕ ಖಾತೆಯನ್ನೇ ಇಡಿ. ಈ ಹಣಕ್ಕೆ ಬಂದ ಬಡ್ಡಿ ಸಂಸ್ಥೆಯದ್ದಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಲೆಕ್ಕ ಅಂತಿಮವಾದ ಕೂಡಲೇ ಅದನ್ನು ಸರ್ಕಾರಕ್ಕೆ ಮರಳಿಸಬೇಕು. ಭಾರತ್‌ಕೋಶ್ ಜಾಲತಾಣದಲ್ಲಿ ಕಟ್ಟಬಹುದು. ಬಡ್ಡಿ 212 ರೂ. ಆದರೂ ಕಟ್ಟಿ, ರಸೀದಿ ಇಡಿ. ಈ ಚಿಕ್ಕ ಮೊತ್ತಕ್ಕೆ ಕಡತ ವಾಪಸು ಬಂದರೆ ದೊಡ್ಡ ಕಂತು ತಡವಾಗುತ್ತದೆ.

ಪಾವತಿ ಆದಷ್ಟೂ ಬ್ಯಾಂಕ್ ಮೂಲಕವೇ ಆಗಲಿ. ನಗದು ಕೊಟ್ಟರೆ, 5,000 ರೂ. ಮೀರಿದ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ ಮಾಡಿಸಿ. ಸಂಭಾವನೆಗೆ ಟಿಡಿಎಸ್, ಅಂದರೆ ಪಾವತಿಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯಬೇಕೇ ಎಂದು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಅವರನ್ನು ಪಾವತಿಗೆ ಮುಂಚೆ ಕೇಳಿ, ಆಮೇಲೆ ಕೇಳಿದರೆ ಆ ಹಣ ಸಂಘದ ಕೈಯಿಂದ ಹೋಗುತ್ತದೆ.

ವೋಚರ್ ಹೇಗಿರಬೇಕು ಎಂಬುದಕ್ಕೆ ರಂಗಸಜ್ಜಿಕೆಯನ್ನೇ ನೋಡಿ. ‘ಸಜ್ಜಿಕೆ ಖರ್ಚು 55,000’ ಎಂದು ಒಂದೇ ಚೀಟಿ ಬರೆದರೆ ಯಾವ ಲೆಕ್ಕಪರಿಶೋಧಕರೂ ಒಪ್ಪುವುದಿಲ್ಲ. ಪ್ಲೈವುಡ್ ಮತ್ತು ರೀಪುಗಳಿಗೆ ಅಂಗಡಿಯ ಜಿಎಸ್‌ಟಿ ಬಿಲ್, ಅದು ಸಂಘದ ಹೆಸರಿಗೇ; ಬಡಗಿಯ ಕೂಲಿಗೆ ‘4 ದಿನ × 1,200 = 4,800’ ಎಂದು ಬರೆದ ಚೀಟಿ, ಅವರ ಹೆಸರು, ಊರು, ಸಹಿ; ಬಣ್ಣಕ್ಕೆ ಬೇರೆ ಬಿಲ್. ಪ್ರತಿ ವೋಚರಿಗೂ ಕ್ರಮಸಂಖ್ಯೆ, ಖಜಾಂಚಿಯ ಸಹಿ, ಸಂಘದ ಠಸ್ಸೆ. ಇದನ್ನು ಖರ್ಚಾದ ದಿನವೇ ಮಾಡಬೇಕು, ಏಕೆಂದರೆ ನಾಟಕ ಮುಗಿದು ಎರಡು ತಿಂಗಳಾದ ಮೇಲೆ ಬಡಗಿಯನ್ನು ಹುಡುಕಿ ಸಹಿ ಹಾಕಿಸುವುದು ಆಗದ ಕೆಲಸ.

ಬ್ಯಾನರ್, ಆಮಂತ್ರಣ, ಪೋಸ್ಟರ್ ಮೂರರಲ್ಲೂ ಸಂಸ್ಕೃತಿ ಸಚಿವಾಲಯದ ನೆರವಿನ ಉಲ್ಲೇಖ ಇರಲಿ. ಬ್ಯಾನರ್ ಕಾಣುವಂತೆ ರಂಗದ ಫೋಟೊ, ತುಂಬಿದ ಸಭಾಂಗಣದ ಫೋಟೊ, ಪೂರ್ತಿ ವಿಡಿಯೊ, ಪತ್ರಿಕಾ ತುಣುಕು ಜೋಪಾನ ಮಾಡಿ. ನಾಟಕದ ಫೋಟೊಗಳಲ್ಲಿ ಬ್ಯಾನರ್ ಕತ್ತಲಲ್ಲಿ ಹೋಗಿಬಿಡುತ್ತದೆ. ಪರದೆ ಏಳುವ ಮುಂಚೆ ಪೂರ್ಣ ಬೆಳಕಿನಲ್ಲಿ ಒಂದು ಚಿತ್ರ ತೆಗೆಯಿರಿ.

ಕಡತ ಮುಗಿಸುವುದು

ಪ್ರದರ್ಶನದ ನಂತರ ಸಲ್ಲಿಸಬೇಕಾದ ಮುಖ್ಯ ಕಾಗದ ಹಣ ಬಳಕೆ ಪ್ರಮಾಣಪತ್ರ, ಎಲ್ಲರೂ ‘ಯುಸಿ’ ಎನ್ನುವುದು ಇದನ್ನೇ. ಕೇಂದ್ರದ್ದಕ್ಕೆ ನಮೂನೆ 12-ಎ. ನಿಯಮ ಆರ್ಥಿಕ ವರ್ಷ ಮುಗಿದ ಮೇಲೆ 12 ತಿಂಗಳ ಗಡುವು ಕೊಡುತ್ತದೆ, ಆದರೆ ಅಷ್ಟು ಕಾಯಬಾರದು. ಎರಡನೇ ಕಂತು ಬೇಗ ಬರಬೇಕಿದ್ದರೆ ಒಂದು ತಿಂಗಳೊಳಗೆ ಕಳಿಸಿ. ಜೊತೆಗೆ ಸಿಎ ಸಹಿಯ ಆದಾಯ-ಖರ್ಚಿನ ಲೆಕ್ಕ, ಬಿಲ್ಲುಗಳ ಪಟ್ಟಿ, ಕಾರ್ಯಕ್ರಮದ ವರದಿ. ಲೆಕ್ಕದಲ್ಲಿ ಒಟ್ಟು ಯೋಜನೆಯ ಖರ್ಚು ಕಾಣಬೇಕು. ಬಂದ ಅನುದಾನಕ್ಕಷ್ಟೇ ಲೆಕ್ಕ ಕೊಟ್ಟರೆ ನಿಮ್ಮ ಶೇ 25 ಎಲ್ಲಿ ಎಂಬ ಪ್ರಶ್ನೆಯೊಂದಿಗೆ ಎಲ್ಲವೂ ಹಿಂದಕ್ಕೆ ಬರುತ್ತದೆ. ಹಳೆಯ ಅನುದಾನದ ಯುಸಿ ಬಾಕಿ ಇದ್ದರೆ ಹೊಸ ಅರ್ಜಿ ಮುಂದೆ ಹೋಗುವುದಿಲ್ಲ.

ವರ್ಷವಿಡೀ ನಡೆಯುವ ತಂಡಗಳಿಗೆ

ಕಾಯಂ ಅಭ್ಯಾಸ ಇರುವ ತಂಡಗಳು ರೆಪರ್ಟರಿ ಅನುದಾನ, ಅಂದರೆ ಗುರು-ಶಿಷ್ಯ ಪರಂಪರೆಯ ಯೋಜನೆಯತ್ತ ನೋಡಬಹುದು. ಗುರುವಿಗೆ ತಿಂಗಳಿಗೆ 15,000 ರೂ., ಶಿಷ್ಯರಿಗೆ ವಯಸ್ಸಿನ ಪ್ರಕಾರ 2,000ದಿಂದ 10,000 ರೂ. ರಂಗಭೂಮಿಗೆ ಗರಿಷ್ಠ 18 ಶಿಷ್ಯರು, ಸಂಗೀತ-ನೃತ್ಯಕ್ಕೆ 10. ಇಲ್ಲಿ ತೊಂದರೆ ಬರುವುದು ಹಾಜರಿಯಲ್ಲಿ. ಪರಿಶೀಲನೆಗೆ ಬಂದವರಿಗೆ ಪಟ್ಟಿಯಲ್ಲಿರುವ ಶಿಷ್ಯರು ಕಾಣದಿದ್ದರೆ ನವೀಕರಣ ಕಷ್ಟ. ಕೆಲಸ ಸಿಕ್ಕಿ ಊರು ಬಿಟ್ಟ ಹುಡುಗನ ಹೆಸರನ್ನು ಹಾಗೇ ಮುಂದುವರಿಸಬೇಡಿ, ಬದಲಾವಣೆಯನ್ನು ಪತ್ರದಲ್ಲಿ ತಿಳಿಸಿ. ಶಿಷ್ಯರ ಹಣ ಶಿಷ್ಯರಿಗೇ ಸೇರಬೇಕು. ಅದರಲ್ಲಿ ‘ತಂಡದ ಪಾಲು’ ಹಿಡಿಯುವುದು ಅವರಿಗೆ ಮಾಡುವ ಅನ್ಯಾಯ.

ಹಿರಿಯ ಕಲಾವಿದರ ಮಾಸಾಶನ

ತಂಡದ ಕಾರ್ಯದರ್ಶಿಗಳು ತಮ್ಮ ಅರ್ಜಿಯ ಜೊತೆಗೆ ಈ ಕೆಲಸವನ್ನೂ ವಹಿಸಿಕೊಳ್ಳಬೇಕು, ಏಕೆಂದರೆ ಹಳ್ಳಿಯ ಹಿರಿಯರಿಗೆ ಆನ್‌ಲೈನ್ ಅರ್ಜಿ ತಾವಾಗಿ ಹಾಕಲು ಆಗುವುದಿಲ್ಲ. ರಾಜ್ಯದ ಮಾಸಾಶನಕ್ಕೆ 58 ವರ್ಷ ತುಂಬಿರಬೇಕು. ಕೇಂದ್ರದ ಹಿರಿಯ ಕಲಾವಿದರ ನೆರವಿಗೆ 60; ವಾರ್ಷಿಕ ಆದಾಯ 72,000 ರೂ. ಮೀರಿರಬಾರದು, ತಿಂಗಳಿಗೆ ಗರಿಷ್ಠ 6,000 ರೂ. ಮೊದಲು ರಾಜ್ಯದ್ದಕ್ಕೆ ಅರ್ಜಿ ಹಾಕಿಸಿ.

ಅಡ್ಡಿಯಾಗುವುದು ಕಲಾಸೇವೆಯ ದಾಖಲೆ. ಮೂವತ್ತು ವರ್ಷ ಸೋಬಾನೆ ಹಾಡಿದ ಅಜ್ಜಿಯ ಬಳಿ ಪ್ರಮಾಣಪತ್ರ ಎಲ್ಲಿರುತ್ತದೆ? ಹಳೆಯ ಜಾತ್ರೆಯ ಕರಪತ್ರ, ಆಕಾಶವಾಣಿಯ ಕರಾರು ಪತ್ರ, ಪತ್ರಿಕಾ ತುಣುಕು, ಗುಂಪಿನ ಫೋಟೊ, ಜಾತ್ರಾ ಸಮಿತಿ ಅಥವಾ ಗ್ರಾಮ ಪಂಚಾಯಿತಿಯ ಪತ್ರ, ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ ಇವೆಲ್ಲ ಆಧಾರವಾಗುತ್ತವೆ. ಪಂಚಾಯಿತಿಯ ಪತ್ರದಲ್ಲಿ ‘ಉತ್ತಮ ಕಲಾವಿದರು’ ಎಂದಷ್ಟೇ ಬರೆಸದೆ, ಯಾವ ಕಲೆ, ಯಾವ ವರ್ಷದಿಂದ, ಯಾವ ಯಾವ ಊರುಗಳಲ್ಲಿ ಎಂದು ಬರೆಸಿ. ಆಧಾರ್‌ನಲ್ಲಿ ಹುಟ್ಟಿದ ದಿನ ತಪ್ಪಿದ್ದರೆ, ವಯಸ್ಸು ನಾಲ್ಕೈದು ವರ್ಷ ಕಡಿಮೆ ದಾಖಲಾಗಿದ್ದರೆ, ಅದನ್ನು ತಿದ್ದಿಸುವುದು ಮೊದಲ ಕೆಲಸ. ಮಾಸಾಶನ ಆರಂಭವಾದ ಮೇಲೆ ಜೀವಿತ ಪ್ರಮಾಣಪತ್ರ ಕೇಳಿದಾಗ ತಪ್ಪದೆ ಕೊಡಿಸಿ. ಹಣ ನಿಂತುಹೋಗಲು ಇದೂ ಒಂದು ಕಾರಣ. ಕೇಂದ್ರದ ನೆರವು ಪಡೆಯುತ್ತಿದ್ದ ಕಲಾವಿದರು ತೀರಿಕೊಂಡರೆ ಅದು ಪತಿ ಅಥವಾ ಪತ್ನಿಗೆ ವರ್ಗವಾಗುತ್ತದೆ. ಮರಣ ಪ್ರಮಾಣಪತ್ರ, ಮದುವೆ ಅಥವಾ ಕುಟುಂಬದ ದಾಖಲೆ, ಅವರ ಹೆಸರಿನ ಬ್ಯಾಂಕ್ ಖಾತೆಯ ವಿವರ ಸೇರಿಸಿ ಬೇಗ ಅರ್ಜಿ ಕೊಡಿಸಿ.